ಮದ್ದಿಗೆ ತಂದ ಹೆಣ್ಣು

ದೊಡ್ಡಣ್ಣನವರ ಮನೆಯ ಹಿಂದಿನ ಕೊಟ್ಟಿಗೆಯಲ್ಲಿ, ಎಮ್ಮೆ ಕಟ್ಟುವ ಗೂಟದ ಪಕ್ಕ, ಜಂಬಣ್ಣ ಕುಕ್ಕರುಗಾಲಲ್ಲಿ ಕೂತು ಯಜಮಾನರ ಮಗನ ತೊಡೆಸಂದಿ ಬೋಳಿಸುತ್ತಿದ್ದ. ಹೌದು, ತೊಡೆಸಂದಿಯನ್ನೇ. ಓದುವವರಿಗೆ ಅಸಹ್ಯ ಅನ್ನಿಸಿದರೆ ಅನ್ನಿಸಲಿ. ಬೋಳಿಸಿಕೊಳ್ಳುವವನಿಗೆ ಅನ್ನಿಸುತ್ತಿರಲಿಲ್ಲ. ಬೋಳಿಸುವವನಿಗೆ ಏನನ್ನಿಸುತ್ತದೆ ಅಂತ ಹೊನ್ನೇಪಾಳ್ಯದಲ್ಲಿ ಯಾರೂ ಯಾವತ್ತೂ ಕೇಳಿರಲಿಲ್ಲ.

ಹೊನ್ನೇಪಾಳ್ಯ ಅಂದರೆ ಬಸವೇಶ್ವರನಗರದ ಅಂಚಿಗೆ ಸಿಕ್ಕಿಕೊಂಡ ಹಳೇ ಊರು. ಸುತ್ತಲಿನ ರಾಗಿ ಹೊಲಕ್ಕೆಲ್ಲ ಕಲ್ಲು ನೆಟ್ಟು, ಸೈಟು ಮಾಡಿ, ರಸ್ತೆ ಎಳೆದಾಗಿತ್ತು. ಹೊಲ ಇದ್ದವರಿಗೆ ಪರಿಹಾರ ಬಂತು, ಮಹಡಿ ಮನೆ ಬಂತು, ಬಾಡಿಗೆದಾರರು ಬಂದರು. ಹಜಾಮನಿಗೆ ಹೊಲವೇ ಇರಲಿಲ್ಲ, ಪರಿಹಾರ ಎಲ್ಲಿಂದ ಬರಬೇಕು? ಸುಗ್ಗಿಯಲ್ಲಿ ಕೊಡುತ್ತಿದ್ದ ಆಯದ ರಾಗಿಯೂ ಹೊಲದ ಜೊತೆ ಹೋಯಿತು. ಚಾಕರಿ ಮಾತ್ರ ಹೋಗಲಿಲ್ಲ. ಮಹಾಲಕ್ಷ್ಮಿ ಲೇಔಟಿನ ಸಲೂನಿನಲ್ಲಿ ತಿರುಗುವ ಕುರ್ಚಿ, ಎದುರು ಬದುರು ಕನ್ನಡಿ ಎಲ್ಲಾ ಇತ್ತು. ಆದರೆ ಅಲ್ಲಿ ಲುಂಗಿ ಬಿಚ್ಚಿ ಮಲಗುವ ಹಾಗಿರಲಿಲ್ಲ. ಅದಕ್ಕೆ ಮನೆಯ ಹಜಾಮನೇ ಬೇಕು.

ಮನೆಯ ಹಜಾಮ ಅನ್ನುವುದು ಜಂಬಣ್ಣನ ಕುಲದವರ ಕಟ್ಟು. ಯಾವ ಮನೆ ಯಾರದ್ದು ಅಂತ ಅಜ್ಜಂದಿರ ಕಾಲದಲ್ಲೇ ಹಂಚಿಕೊಂಡಿದ್ದರು. ಒಬ್ಬನ ಮನೆಗೆ ಇನ್ನೊಬ್ಬ ಕತ್ತಿ ಹಿಡಿದು ಹೋಗುವ ಹಾಗಿಲ್ಲ. ಕೂಸಿನ ಹುಟ್ಟುಗೂದಲಿಗೂ ಅವನೇ, ಮದುಮಗನ ಉಗುರು ಶಾಸ್ತ್ರಕ್ಕೂ ಅವನೇ, ಅಪ್ಪ ಸತ್ತಾಗ ಮಗನ ತಲೆ ಬೋಳಿಸುವುದಕ್ಕೂ ಅವನೇ. ಹಾಗಿದ್ದೂ ಬೆಳಿಗ್ಗೆ ಎದ್ದ ತಕ್ಷಣ ಅವನ ಮುಖ ನೋಡಿದರೆ ಅಪಶಕುನ!

ಗೌಡರ ಮಗ ಚನ್ನಕೇಶವ ಒಣಹುಲ್ಲಿನ ಮೇಲೆ ಒರಗಿಕೊಂಡು ಸಿಗರೇಟು ಸೇದುತ್ತಿದ್ದ. "ಬೇಗ ಮುಗ್ಸ್ಲಾ ಜಂಬಾ. ಮ್ಯಾಟಿನಿಗೆ ಹೋಗ್ಬೇಕು."

ಇವನ ಹುಟ್ಟುಗೂದಲು ತೆಗೆದವನು ಜಂಬಣ್ಣ. ಇವನ ಅಪ್ಪನ ಓರಗೆಯವನು. ಆದರೂ 'ಲಾ'. ಜಂಬಣ್ಣನಿಗೆ ಅದು ಅಭ್ಯಾಸವಾಗಿತ್ತು. ಅಭ್ಯಾಸವಾಗಿದ್ದೇ ಅವನಿಗೆ ಒಮ್ಮೊಮ್ಮೆ ಅಸಹ್ಯವಾಗುತ್ತಿತ್ತು.

ಕತ್ತಿ ಗಕ್ಕನೆ ನಿಂತಿತು. ಕೂದಲ ಕೆಳಗೆ ಒಂದು ಹುಣ್ಣು. ದುಂಡಗಿತ್ತು. ಅಂಚು ಗಟ್ಟಿ, ನಡುವೆ ಹಸಿ. ಕಾಸಗಲ ಮಾಂಸವನ್ನು ಕೊರೆದು ತೆಗೆದ ಹಾಗೆ. ಜಂಬಣ್ಣ ಕತ್ತಿ ಹಿಂದಕ್ಕೆ ತೆಗೆದ.

"ಏನ್ ಸಾಮಿ ಇದು?"

"ಉಷ್ಣ ಕಣ್ಲಾ. ಬೈಕ್ ಸೀಟು ಬಿಸ್ಲಲ್ಲಿ ಕಾದಿರ್ತದಲ್ಲ."

"ನೋವೈತಾ?"

"ನೋವೇ ಇಲ್ಲ. ನೀ ಸುಮ್ಕೆ ಕೆರಿ."

"ಇದ್ರ ಮ್ಯಾಲೆ ನಾ ಕತ್ತಿ ಆಡ್ಸಾಕಿಲ್ಲ. ನಾಳೆ ಇದೇ ಕತ್ತಿ ಇನ್ನೊಬ್ರ ಕೆನ್ನೆಗೆ ಹೋಗ್ಬೇಕು."

ಚನ್ನಕೇಶವ ಮಲಗಿದಲ್ಲಿಂದಲೇ ಕಾಲೆತ್ತಿ ಜಂಬಣ್ಣನ ಎದೆಗೆ ಒದ್ದ. ಜಂಬಣ್ಣ ಸಗಣಿಯ ಮೇಲೆ ಬಿದ್ದ. ಗಲಾಟೆ ಕೇಳಿ ದೊಡ್ಡಣ್ಣನವರು ಬಂದರು. ಮಗನ ಹುಣ್ಣು ನೋಡಿದರು. ಎಲ್ಲಿಗೆ ಹೋಗಿದ್ದೆ, ಯಾರ ಹತ್ತಿರ ಮಲಗಿದ್ದೆ ಅಂತ ಒಂದು ಮಾತು ಕೇಳಲಿಲ್ಲ. ಸಗಣಿಯಲ್ಲಿ ಬಿದ್ದಿದ್ದ ಕತ್ತಿಯನ್ನು ನೋಡಿದರು.

"ಹೋದ್ ತಿಂಗ್ಳೂ ಇದೇ ಕತ್ತೀಲಿ ತಾನೇ ಮಾಡಿದ್ದು? ಯಾವ್ಯಾವ ಕೊಳಕು ನನ್ಮಕ್ಕಳ ಮೈಗೆ ಹಾಕಿದ್ಯೋ! ಮದುವೆ ಗೊತ್ತಾಗಿರೋ ಹುಡುಗನ್ನ ಕೆಡಿಸ್ಬುಟ್ಯಲ್ಲೋ, ಹಜಾಮ!"

ಆಟೋದಲ್ಲಿ ಅಪ್ಪ ಮಗ ಸೀಟಿನ ಮೇಲೆ ಕೂತರು. ಜಂಬಣ್ಣ ಅವರ ಕಾಲ ಬುಡದಲ್ಲಿ, ಕತ್ತಿ ಸಾಣೆಕಲ್ಲು ತುಂಬಿದ ಹಡಪ ತಬ್ಬಿಕೊಂಡು ಮುದುರಿ ಕೂತ. ಕತ್ತಿಯನ್ನೂ ಡಾಕ್ಟರಿಗೆ ತೋರಿಸಬೇಕು ಅಂತ ದೊಡ್ಡಣ್ಣನವರ ಹಠ.

ಡಾಕ್ಟರ್ ಸೇತುರಾಮ ಅವರ ಕ್ಲಿನಿಕ್ಕು ರಾಜಾಜಿನಗರದಲ್ಲಿ. ಕಟ್ಟಡ ದೊಡ್ಡಣ್ಣನವರದ್ದೇ. ಹೊರಗೋಡೆಯ ಮೇಲೆ ಕುಟುಂಬ ಯೋಜನೆಯ ಕೆಂಪು ತ್ರಿಕೋನದ ಜಾಹೀರಾತು, ನಗುವ ಗಂಡ ಹೆಂಡತಿ, ಎರಡು ಮಕ್ಕಳು. ಎಮರ್ಜೆನ್ಸಿಯ ಕಾಲ. ಗಂಡಸರನ್ನು ಹಿಡಿದು ಆಪರೇಶನ್ ಮಾಡಿ ಕಳಿಸುತ್ತಾರೆ ಅಂತ ಊರೂರಲ್ಲೂ ಗುಸುಗುಸು ಇತ್ತು.

"ಮೊದ್ಲು ಇವನ್ನ ನೋಡಿ ಡಾಕ್ಟ್ರೇ," ಅಂದರು ದೊಡ್ಡಣ್ಣ. "ಬಂದಿದ್ದು ಇವನ್ ಕತ್ತಿಯಿಂದ."

"ಬಿಚ್ಚಯ್ಯಾ," ಅಂದರು ಡಾಕ್ಟರು.

ಬಾಗಿಲು ತೆರೆದೇ ಇತ್ತು. ಪರದೆ ಅರ್ಧಕ್ಕೆ ಸರಿದಿತ್ತು. ಹೊರಗೆ ಬೆಂಚಿನ ಮೇಲೆ ಕೂಸು ಎತ್ತಿಕೊಂಡ ಹೆಂಗಸರು. ಜಂಬಣ್ಣ ಪಂಚೆ ಬಿಚ್ಚಿದ. ಚಡ್ಡಿಯ ಲಾಡಿ ಹಿಡಿದು ನಿಂತ. ಮೂವತ್ತು ವರ್ಷ ಊರಿನ ಗಂಡಸರ ಬತ್ತಲೆ ನೋಡಿದ್ದ. ಅವನ ಬತ್ತಲೆಯನ್ನು ಹೆಂಡತಿ ಬಿಟ್ಟು ಯಾರೂ ನೋಡಿರಲಿಲ್ಲ. ಅವಳೂ ತೀರಿಕೊಂಡು ಬಹಳ ಕಾಲವಾಗಿತ್ತು. "ಬೇಗ ಬೇಗ," ಅಂದ ಕಾಂಪೌಂಡರ್. ಡಾಕ್ಟರು ಕೈ ಮುಟ್ಟಿಸದೆ ಪೆನ್ಸಿಲಿನ ತುದಿಯಿಂದ ಅತ್ತ ಇತ್ತ ಸರಿಸಿ ನೋಡಿದರು. ಬೆಂಚಿನ ಮೇಲಿನ ಒಬ್ಬಳು ಸೆರಗು ಬಾಯಿಗೆ ಒತ್ತಿಕೊಂಡು ಮುಖ ತಿರುಗಿಸಿದಳು.

"ಏನೂ ಇಲ್ಲ. ಕ್ಲೀನಾಗಿದ್ದಾನೆ." ಡಾಕ್ಟರು ಪೆನ್ಸಿಲನ್ನು ಕಸದ ಬುಟ್ಟಿಗೆ ಎಸೆದರು. "ಈಗ ನೀನು ಬಾಪ್ಪಾ. ನಾಚ್ಕೋಬೇಡ."

ಬಾಗಿಲು ಹಾಕಿಕೊಂಡಿತು. ಪರದೆ ಪೂರ್ತಿ ಮುಚ್ಚಿತು. ಡಾಕ್ಟರು ರಬ್ಬರ್ ಕೈಗವಸು ತೊಟ್ಟುಕೊಂಡರು. ಅರೆ, ಬಾಗಿಲು ಹಾಕಲು ಬರುತ್ತದೆ ಇವರಿಗೆ! ಮೂಲೆಯಲ್ಲಿ ನಿಂತು ಪಂಚೆ ಕಟ್ಟಿಕೊಳ್ಳುತ್ತಿದ್ದ ಜಂಬಣ್ಣ ಅದನ್ನು ನೋಡಿದ.

"ನೋವಿಲ್ಲ ಅಲ್ವಾ? ಹೂಂ. ಕತ್ತಿ ಗಿತ್ತಿಯಿಂದ ಬರೋ ಗಾಯ ಅಲ್ಲ ಇದು. ಸಿಫಿಲಿಸ್. ನಮ್ಮ ಕಡೆ ಪರಂಗಿ ಹುಣ್ಣು ಅಂತಾರೆ. ಎಲ್ಲಿಗೆ ಹೋಗಿದ್ದೆ?"

"ಮೆಜೆಸ್ಟಿಕ್ ಹತ್ರ ಲಾಡ್ಜಿಗೆ. ಫ್ರೆಂಡ್ಸ್ ಕರ್ಕೊಂಡೋಗಿದ್ರು ಸಾರ್."

"ಒಂದ್ಸಲಾನಾ?"

ಚನ್ನಕೇಶವ ಹಲ್ಲು ಕಿರಿದ. "ಲೆಕ್ಕ ಯಾರಿಡ್ತಾರೆ ಸಾರ್?"

"ಕುಡಿದಿರ್ತಿದ್ದೆ. ನಿರೋಧ್ ಹಾಕ್ಕೊಂಡಿದ್ಯಾ? ಬೀಡಾ ಅಂಗ್ಡೀಲೂ ಸಿಗುತ್ತಲ್ಲಯ್ಯಾ. ಗೋಡೆ ಗೋಡೆ ಮೇಲೆ ಬರ್ದಿದಾರೆ."

"ಅದ್ನ ಊದಿ ಬಲೂನ್ ಮಾಡ್ತೀವಿ ಸಾರ್." ಮಗ ನಕ್ಕ. ಅಪ್ಪನೂ ನಕ್ಕರು.

ಡಾಕ್ಟರು ನಗಲಿಲ್ಲ. ರಕ್ತ ಪರೀಕ್ಷೆ ಆಗಬೇಕು, ಪೆನಿಸಿಲಿನ್ ಸೂಜಿ ಹಾಕಬೇಕು, ರಕ್ತ ತಿಳಿಯಾಯಿತು ಅಂತ ತಾನು ಹೇಳುವ ತನಕ ಯಾವ ಹೆಂಗಸಿನ ಹತ್ತಿರವೂ ಸುಳಿಯಬಾರದು ಅಂದರು. "ಆ ಲಾಡ್ಜಿನ ಹೆಂಗಸ್ರಿಗೂ ಸೂಜಿ ಬೇಕು. ಅವರಿಗೆ ಯಾರು ಹೇಳ್ತಾರೋ, ದೇವರಿಗೇ ಗೊತ್ತು." ಆಮೇಲೆ ದೊಡ್ಡಣ್ಣನವರ ಕಡೆ ಬಗ್ಗಿ ದನಿ ತಗ್ಗಿಸಿದರು. "ನಿಮಗೆ ಆವಾಗ ಹಾಕಿದ್ನಲ್ಲ, ಅದೇ ಸೂಜಿ."

ಕುದಿಯುವ ನೀರಿನಿಂದ ಗಾಜಿನ ಸಿರಿಂಜು ಹೊರಬಂತು. ಅದನ್ನು ನೋಡಿದ್ದೇ ಚನ್ನಕೇಶವನ ಮುಖ ಬಿಳುಚಿಕೊಂಡಿತು. "ಬ್ಯಾಡ ಅಪ್ಪಾ! ಯಾವ್ ಸೂಜಿನೋ ಏನೋ! ಕಾಮಾಕ್ಷಿಪಾಳ್ಯದಾಗೆ ಜ್ವರ ಅಂತ ಹೋದೋನ್ಗೆ ಏನೋ ಚುಚ್ಚಿ ಗಂಡಸ್ತನಾನೇ ತೆಗ್ದವ್ರಂತೆ!" ಅಂದವನೇ ಪ್ಯಾಂಟು ಒಂದು ಕೈಯಲ್ಲಿ ಹಿಡಿದುಕೊಂಡು ಬೀದಿಗೆ ಓಡಿದ. ಹಜಾಮನ ಎದೆಗೆ ಒದ್ದ ಗಂಡಸು!

"ಹುಣ್ಣು ತಾನಾಗೇ ಒಣಗುತ್ತೆ ದೊಡ್ಡಣ್ಣನೋರೇ," ಅಂದರು ಡಾಕ್ಟರು. "ಒಣಗ್ತು ಅಂತ ಮೋಸ ಹೋಗ್ಬೇಡಿ. ರೋಗ ರಕ್ತಕ್ಕೆ ಇಳಿದಿರುತ್ತೆ. ಆಮೇಲೆ ಅಂಗೈ, ಅಂಗಾಲಿನ ಮೇಲೆ ತಾಮ್ರದ ಬಣ್ಣದ ಕಲೆ ಏಳುತ್ತೆ. ಮದುವೆ ಮುಂದಕ್ಕೆ ಹಾಕಿ. ಇಲ್ದಿದ್ರೆ ಆ ಹುಡುಗಿಗೆ ಬರುತ್ತೆ. ಹೊಟ್ಟೇಲಿರೋ ಮಗುಗೂ ಬರುತ್ತೆ, ಸತ್ತೇ ಹುಟ್ಟುತ್ತೆ."

"ಆಯ್ತು ಬುಡಿ, ನೋಡಣ," ಅಂದರು ದೊಡ್ಡಣ್ಣ. ಲಗ್ನಪತ್ರಿಕೆ ಅಚ್ಚಾಗಿತ್ತು.

ಅವರು ಹೊರಗೆ ಹೋದ ಮೇಲೆ ಜಂಬಣ್ಣ ಬಾಗಿಲಲ್ಲೇ ನಿಂತ. "ಸಾರ್, ಆ ಹೆಣ್ಣಿನ ಕಡೆಯೋರ್ಗೆ ನೀವೊಂದ್ ಮಾತು ಹೇಳ್ಬೇಕು."

"ರೋಗಿಗಳ ವಿಷಯ ಹೊರಗೆ ಹೇಳೋ ಹಾಗಿಲ್ಲ ಕಣಯ್ಯಾ. ಅದು ನಮ್ಮ ವೃತ್ತಿಧರ್ಮ."

"ನನ್ ಚಡ್ಡಿ ಬಿಚ್ಚಿಸ್ದಾಗ ಬಾಗ್ಲು ತೆಗ್ದೇ ಇತ್ತಲ್ಲ ಸಾರ್?"

ಡಾಕ್ಟರು ಬೇಸಿನ್ನಿನ ಕಡೆ ತಿರುಗಿ ಕೈಗೆ ಸೋಪು ಹಚ್ಚಿಕೊಂಡರು. ಬಹಳ ಹೊತ್ತು ತೊಳೆದರು.

ವಾಪಸು ಬರುವಾಗ ಆಟೋದಲ್ಲಿ ದೊಡ್ಡಣ್ಣ ಮಗನ ತೊಡೆ ತಟ್ಟಿದರು. "ಹೆದ್ರಬ್ಯಾಡ ಕಣ್ಲಾ. ನಂಗೂ ನಿನ್ ವಯಸ್ನಾಗೆ ಆಗಿತ್ತು. ಪಂಡಿತ ಏನಂದ ಗೊತ್ತಾ? ಈ ಕಾಯ್ಲೆಗೆ ಗಂಡಸ್ರ ಮುಖ ನೋಡ್ದಿರೋ ಹೆಣ್ಣೇ ಮದ್ದು ಅಂದ. ನಿಮ್ಮವ್ವನ್ನ ಕಟ್ಕಂಡೆ. ತಿಂಗ್ಳೊಪ್ಪತ್ನಾಗೆ ಹುಣ್ಣು ಮಾಯ. ಈ ಡಾಕ್ಟ್ರು ಆಮ್ಯಾಲೆ ಎಷ್ಟೋ ವರ್ಷಕ್ಕೆ ರಕ್ತ ನೋಡಿ ಒಂದಷ್ಟು ಚುಚ್ಚಿದ. ಅದು ಅವನ್ ಯಾಪಾರ. ಹೋಗಿದ್ದು ಮದುವೆಯಿಂದ."

ಇದನ್ನು ಜಂಬಣ್ಣನ ತಲೆಯ ಮೇಲೆ ಕೂತು ಹೇಳಿದರು. ಎಮ್ಮೆಯ ಮುಂದೆ, ಎತ್ತಿನ ಮುಂದೆ ಮಾತಾಡಲು ಯಾರಾದರೂ ಸಂಕೋಚ ಪಡುತ್ತಾರೆಯೇ? ಹಾಗೆ. ಜಂಬಣ್ಣನಿಗೆ ಮೈ ಕಾವೇರಿತು. ಅವನ ಕಣ್ಣಿಗೆ ಕಂಡಿದ್ದು ಅವನ ತಾಯಿಯ ಕೈ.

ಅಣ್ಣಮ್ಮ ಒಂದು ಕಾಲದಲ್ಲಿ ಸೂಲಗಿತ್ತಿ. ಹೊನ್ನೇಪಾಳ್ಯದ ಅರ್ಧ ಊರು ಅವಳ ಕೈಗೇ ಬಿದ್ದಿದ್ದು. ದೊಡ್ಡಣ್ಣನ ಹೆಂಡತಿ ಲಕ್ಷ್ಮಿದೇವಮ್ಮನ ಮೊದಲ ನಾಲ್ಕು ಬಾಣಂತನಕ್ಕೂ ಅವಳೇ ಹೋಗಿದ್ದಳು. ನಾಲ್ಕೂ ಸತ್ತು ಹುಟ್ಟಿದವು, ಇಲ್ಲ ಹುಟ್ಟಿ ಸತ್ತವು. ನಾಲ್ಕನೆಯದು ಹೋದಾಗ ದೊಡ್ಡಣ್ಣನ ತಾಯಿ, ಈ ಹಜಾಮಗಿತ್ತಿಯ ಕೈ ಕೆಟ್ಟದ್ದು ಅಂತ, ಒಲೆಯಲ್ಲಿ ಕಾದ ಕಬ್ಬಿಣದ ಸೌಟು ತಂದು ಅವಳ ಬಲಗೈಗೆ ಬರೆ ಹಾಕಿದಳು. ಅವತ್ತಿಂದ ಅವಳನ್ನು ಯಾರೂ ಹೆರಿಗೆಗೆ ಕರೆಯಲಿಲ್ಲ. ಐದನೆಯದು ಬದುಕಿತು. ಅದೇ ಈ ಚನ್ನಕೇಶವ. ಬೇರೆ ಸೂಲಗಿತ್ತಿ ಬಂದಿದ್ದಕ್ಕೆ ಉಳಿಯಿತು ಅಂತ ಊರೆಲ್ಲ ಆಡಿಕೊಂಡಿತು.

ಜಂಬಣ್ಣ ಗುಡಿಸಲ ಬಾಗಿಲಲ್ಲಿ ಕೂತು ಎಲ್ಲ ಹೇಳಿದ. ಅಣ್ಣಮ್ಮ ಅವರೆಕಾಯಿ ಸುಲಿಯುತ್ತಿದ್ದಳು. ಕೈ ನಿಂತಿತು. ಬರೆಯ ಗುರುತನ್ನು ಹೊಸದೆಂಬಂತೆ ನೋಡಿಕೊಂಡಳು.

"ಚರ್ಮ ಸುಲ್ಕೊಂಡು ಬರೋವು ಕಣಪ್ಪ," ಅಂದಳು. "ಎತ್ಕಂಡ್ರೆ ಕೈಗೇ ಅಂಟ್ಕಳ್ಳೋವು. ನಾನೇ ಒಯ್ದು ಅವರ ಹೊಲದ ಮೂಲೇಲಿ ಮುಚ್ಚಿದ್ದು. ನನ್ನ ಕೈಯೇ ಪಾಪದ್ದು ಅಂತ ನಾನೂ ನಂಬ್ಬುಟ್ಟಿದ್ದೆ. ಮೊಮ್ಮಕ್ಕಳ್ನ ಎತ್ಕಳಾಕೂ ಹೆದರ್ತಿದ್ದೆ." "ಥೂ," ಅಂತ ದೊಡ್ಡಣ್ಣನ ಮನೆಯ ದಿಕ್ಕಿಗೆ ಉಗಿದಳು. "ಈಗ ಯಾವ ಹೆಣ್ಣನ್ನ ತರ್ತಾವ್ರೆ ಮದ್ದಿಗೆ?"

"ಕೆಂಗೇರಿ ಕಡೆಯೋಳು. ತುಂಗಾ ಅಂತೆ. ಎಸ್ಸೆಸ್ಸೆಲ್ಸಿ ಓದವ್ಳಂತೆ."

"ಹೋಗಿ ಹೇಳು, ನಡಿ."

ಜಂಬಣ್ಣ ಹೋದ. ಬೆಳಿಗ್ಗೆ ಹೋಗಿದ್ದೇ ತಪ್ಪಾಯಿತು. ಬೀಗರ ಮನೆಯ ಹಜಾಮ ಅಂತ ಗೊತ್ತಾಗುತ್ತಲೇ ಹೆಣ್ಣಿನ ಅಪ್ಪ ಜಗಲಿಯಿಂದ ಎದ್ದು, "ಹಿತ್ತಲ ಕಡೆ ಬಾರಯ್ಯಾ, ಹೊತ್ತಾರೆನೇ ಎದುರಿಗೆ ನಿಲ್ಬ್ಯಾಡ," ಅಂದರು. ಹಿತ್ತಲಲ್ಲಿ ನಿಂತು ಜಂಬಣ್ಣ ತೊದಲುತ್ತಾ ಹೇಳಿದ. ಹುಡುಗನಿಗೆ ಕೆಟ್ಟ ಕಾಯಿಲೆ ಇದೆ, ಡಾಕ್ಟರೇ ಹೇಳಿದ್ದಾರೆ, ಮದುವೆ ಮುಂದಕ್ಕೆ ಹಾಕಿ ಅಂದ.

ಆ ಅಪ್ಪ ಎಲೆ ಅಡಿಕೆ ಉಗಿದು ಬಾಯಿ ಒರೆಸಿಕೊಂಡರು. "ಗಂಡಸು ಅಂದ್ಮ್ಯಾಲೆ ಉಷ್ಣ ಗಿಷ್ಣ ಇದ್ದಿದ್ದೇ. ಮದುವೆ ಆದ್ರೆ ಸರಿಯಾಯ್ತದೆ. ಮಹಡಿ ಮನೆ, ಬೈಕು, ಒಬ್ನೇ ಮಗ. ಹಜಾಮನ ಮಾತು ಕೇಳಿ ಬಿಡಾಕಾಯ್ತದಾ?"

ಸರಿಯಾಯ್ತದೆ! ಮಗಳ ಅಪ್ಪನ ಬಾಯಲ್ಲೂ ಅದೇ ಮಾತು. ಜಂಬಣ್ಣ ಅಲ್ಲೇ ಬಸಳೆ ಬಳ್ಳಿಯ ಬುಡಕ್ಕೆ ವಾಂತಿ ಮಾಡಿಕೊಂಡ. ಅಪ್ಪ ಒಳಗೆ ಹೋದರು. ಸದ್ದಿಗೆ ಒಂದು ಹುಡುಗಿ ನೀರಿನ ಚೊಂಬು ಹಿಡಿದು ಹೊರಗೆ ಬಂದಳು. ಕೈಯಲ್ಲಿ ಹೊಸ ಬಳೆ. ಒಡ್ಡಿದ ಬೊಗಸೆಗೆ ಎತ್ತರದಿಂದ ಸುರಿಯಲಿಲ್ಲ. ಚೊಂಬನ್ನೇ ಕೈಗೆ ಕೊಟ್ಟಳು.

"ಏನ್ ಕಾಯ್ಲೆ?" ಅಂದಳು. ಕೇಳಿಸಿಕೊಂಡಿದ್ದಳು.

ಮಗಳ ವಯಸ್ಸಿನವಳು. ಹೇಗೆ ಹೇಳುವುದು? "ಧಾರೆಗೆ ಮುಂಚೆ ಅವನ ಅಂಗೈ ನೋಡವ್ವಾ," ಅಂದ. "ತಾಮ್ರದ ಕಲೆ ಇದ್ರೆ ಕೈ ಹಿಡೀಬ್ಯಾಡ. ನಿನ್ ಹೊಟ್ಟೇಲಿ ಹುಟ್ಟೋವೂ ಉಳಿಯಾಕಿಲ್ಲ." ಒಳಗಿಂದ ಅಪ್ಪ ಕೂಗಿದರು. ಅವಳು ಚೊಂಬು ಇಸಿದುಕೊಂಡು ಹೋದಳು.

ಮದುವೆಯ ಹೊತ್ತಿಗೆ ಹುಣ್ಣು ಒಣಗಿತ್ತು. ಚನ್ನಕೇಶವ ಯಾವನೋ ಪಂಡಿತನ ಹತ್ತಿರ ಪಾದರಸದ ಹೊಗೆ ಹಾಕಿಸಿಕೊಂಡು ಬಂದಿದ್ದ. "ನೋಡ್ಲಾ, ಹೆಣ್ಣು ಮನೆಗೆ ಬರೋಕ್ ಮುಂಚೇನೇ ಓಡೋಯ್ತು!" ಅಂತ ದೊಡ್ಡಣ್ಣ ಜಂಬಣ್ಣನ ಎದುರೇ ಮೀಸೆ ತಿರುವಿದ್ದರು.

ಚಪ್ಪರ ಹಾಕಿದ್ದು ಮನೆಯ ಮುಂದಿನ ಎರಡನೇ ಮೇನ್ ರಸ್ತೆಯ ಮೇಲೆ, ಅಡ್ಡಲಾಗಿ. ಅದು ದೊಡ್ಡಣ್ಣನವರದ್ದೇ ಹಳೇ ಹೊಲ. ಅಣ್ಣಮ್ಮ ಮುಚ್ಚಿದ ಮೂಲೆ ಈಗ ಟಾರಿನ ಕೆಳಗೆ. ಅದರ ಮೇಲೆ ಬಾಡಿಗೆ ಕುರ್ಚಿ, ಜಮಖಾನೆ, ಮೈಕಿನಲ್ಲಿ ಸಿನಿಮಾ ಹಾಡು. ಆರ್‌ಪಿಸಿ ಲೇಔಟಿನಿಂದ, ವಿಜಯನಗರದಿಂದ ನೆಂಟರು ಬಂದಿದ್ದರು. ಮುಂದಿನ ಸಾಲಿನಲ್ಲಿ ಡಾಕ್ಟರ್ ಸೇತುರಾಮ ಸಿಲ್ಕ್ ಜುಬ್ಬ ತೊಟ್ಟು ಬಾದಾಮಿ ಹಾಲು ಕುಡಿಯುತ್ತಿದ್ದರು. ಅಣ್ಣಮ್ಮ ಚಪ್ಪರದ ಹೊರಗೆ, ಚಪ್ಪಲಿ ಬಿಡುವ ಜಾಗದಲ್ಲಿ ಕೂತಿದ್ದಳು. ಒಳಗೆ ಬರಲು ಅವಳಿಗೆ ಅಪ್ಪಣೆ ಇರಲಿಲ್ಲ.

ಉಗುರು ಶಾಸ್ತ್ರಕ್ಕೆ ಕರೆದರು. ಚನ್ನಕೇಶವ ಮಣೆಯ ಮೇಲೆ ಕೂತಿದ್ದ. ಮೈಗೆ, ಕೈಗೆ, ಕಾಲಿಗೆ ದಪ್ಪ ಅರಿಶಿನ. ಪಕ್ಕದಲ್ಲಿ ಮೊರದ ತುಂಬ ಅಕ್ಕಿ, ತೆಂಗಿನಕಾಯಿ, ಬೆಲ್ಲ. ಹಾಲಿನ ಬಟ್ಟಲು. ಹಜಾಮ ಹಾಲು ಮುಟ್ಟಿಸಿ ಉಗುರು ತೆಗೆದ ಮೇಲೆಯೇ ಮದುಮಗ ಧಾರೆಗೆ ಏಳಬೇಕು. ಜಂಬಣ್ಣ ಎದುರಿಗೆ ಕುಕ್ಕರುಗಾಲಲ್ಲಿ ಕೂತು ಅವನ ಬಲಗೈ ಹಿಡಿದುಕೊಂಡ. ಹಾಲು ಹಾಕಿ ಬೆರಳು ಒರೆಸಿದ. ಅರಿಶಿನ ಕರಗಿ ಇಳಿಯಿತು. ಅಂಗೈಯ ಮೇಲೆ ಕಲೆ. ಒಂದಲ್ಲ, ಅಂಗೈ ತುಂಬ. ತಾಮ್ರದ ಬಣ್ಣ.

ಚನ್ನಕೇಶವ ಕೈ ಎಳೆದುಕೊಳ್ಳಲು ನೋಡಿದ. ಜಂಬಣ್ಣ ಬಿಡಲಿಲ್ಲ. ಇನ್ನೊಂದು ಕೈ ತೆಗೆದುಕೊಂಡು ಅದಕ್ಕೂ ಹಾಲು ಹಾಕಿದ. ಅದೂ ಹಾಗೆಯೇ.

ಜಂಬಣ್ಣ ಆ ಕೈಯನ್ನು ಬಿಟ್ಟು, ಉಗುರುಗತ್ತಿಯನ್ನು ಹಡಪದ ಒಳಗಿಟ್ಟ. ಹಡಪ ಕಟ್ಟಿದ. ಎದ್ದು ನಿಂತ.

"ಯಾಕ್ಲಾ?" ಅಂದರು ದೊಡ್ಡಣ್ಣ.

"ನಾ ಮಾಡಾಕಿಲ್ಲ."

"ಏನಂದೆ?"

"ಈ ಕೈಗೆ ನಾ ಶಾಸ್ತ್ರ ಮಾಡಾಕಿಲ್ಲ ಗೌಡ್ರೇ. ಮೊದ್ಲು ಸೂಜಿ ಹಾಕಿಸ್ಕಂಡು ಬರ್ಲಿ."

ದೊಡ್ಡಣ್ಣ ನಗುಮುಖ ಮಾಡಿಕೊಂಡೇ ಹತ್ತಿರ ಬಂದು ಹಲ್ಲು ಕಚ್ಚಿ ಹೇಳಿದರು. "ನಿನ್ ಗುಡಿಸ್ಲು ನಿಂತಿರೋದು ನನ್ ಜಾಗ್ದಾಗೆ."

"ಕಿತ್ಕಳಿ."

ಆ ಒಂದು ಮಾತು ಆಡಿದ ಮೇಲೆ ಜಂಬಣ್ಣನಿಗೆ ಉಸಿರು ಸಲೀಸಾಯಿತು. ಮೂವತ್ತು ವರ್ಷ ಬಗ್ಗಿದ ಬೆನ್ನು. ಎಲ್ಲರ ಕಂಕುಳ ಕೆಳಗೆ, ಎಲ್ಲರ ತೊಡೆಯ ನಡುವೆ ಬಗ್ಗಿದ ಬೆನ್ನು. ಅವನು ಚಪ್ಪರದ ಕಡೆ ತಿರುಗಿ ಗಂಟಲೆತ್ತಿದ. "ಇವನಿಗೆ ಪರಂಗಿ ಹುಣ್ಣಾಗೈತೆ! ಮದ್ದು ಮಾಡ್ಸಿಲ್ಲ. ಹೆಣ್ಣೇ ಮದ್ದು ಅಂತ ಮದುವೆ ಮಾಡ್ತಾವ್ರೆ. ನಾ ಸುಳ್ಳು ಹೇಳ್ತಿದ್ರೆ ಕೇಳಿ, ಡಾಕ್ಟ್ರು ಇಲ್ಲೇ ಕುಂತವ್ರೆ!"

ಎಲ್ಲರೂ ಡಾಕ್ಟರ ಕಡೆ ನೋಡಿದರು. ಡಾಕ್ಟರು ಬಾದಾಮಿ ಹಾಲಿನ ಲೋಟದೊಳಗೆ ನೋಡಿದರು.

ದೊಡ್ಡಣ್ಣ ಹಿತ್ತಾಳೆ ಚೊಂಬು ಎತ್ತಿ ಬೀಸಿದರು. ಜಂಬಣ್ಣನ ಹುಬ್ಬು ಸೀಳಿತು. ರಕ್ತ ಕಣ್ಣಿಗೆ ಇಳಿಯಿತು. "ಬಂದಿದ್ದೇ ಇವನ್ ಕತ್ತಿಯಿಂದ! ಇವರವ್ವನ ಕೈ ನನ್ ಮಕ್ಕಳ್ನ ತಿಂತು, ಇವನ್ ಕತ್ತಿ ನನ್ ಮಗನ್ನ ತಿಂತು!" ಯಾರೋ ಹೋಗಿ ಪಕ್ಕದ ಊರಿನ ಹಜಾಮನನ್ನು ಸೈಕಲ್ಲಿನ ಮೇಲೆ ಕೂರಿಸಿಕೊಂಡು ಬಂದರು. ಅವನು ಜಂಬಣ್ಣನ ಮುಖದ ರಕ್ತ ನೋಡಿದ, ಮದುಮಗನನ್ನು ನೋಡಿದ. "ಇದು ಜಂಬಣ್ಣನ ಮನೆ," ಅಂದ. "ಅವನು ಬಿಟ್ಟ ಕೈಗೆ ನಾವು ಕೈ ಹಾಕೋದಿಲ್ಲ." ಬಂದ ದಾರಿಯಲ್ಲೇ ನಡೆದು ಹೋದ.

"ಯಾವ ಹಜಾಮನೂ ಬ್ಯಾಡ!" ದೊಡ್ಡಣ್ಣ ಜಂಬಣ್ಣನ ಹಡಪ ಕಿತ್ತುಕೊಂಡು ಉಗುರುಗತ್ತಿ ಎಳೆದರು. ಮಗನ ಎದುರಿಗೆ ಕುಕ್ಕರುಗಾಲಲ್ಲಿ ಕೂತರು. ಚಪ್ಪರದಲ್ಲಿ ಗುಜುಗುಜು ಎದ್ದಿತು. ಗೌಡನೇ ಹಜಾಮನ ಜಾಗದಲ್ಲಿ ಕೂತುಬಿಟ್ಟನಲ್ಲ! ಅಂಗೈಯ ಕಲೆಗೆ ಹೇಸದ ಜನ ಇದಕ್ಕೆ ಹೇಸಿಕೊಂಡರು. ಹೆಣ್ಣಿನ ಅಪ್ಪ, "ಹೆಂಗೋ ಮುಗೀಲಿ, ಸೂಜಿ ಆಮ್ಯಾಲೆ ಹಾಕಿಸಿದ್ರಾಯ್ತು," ಅಂದರು.

"ಕೈ ತೋರ್ಸ್ಲಿ," ಅಂತ ಒಂದು ದನಿ ಬಂತು.

ತುಂಗಾ ದೊಡ್ಡಣ್ಣನ ಮನೆಯ ಬಾಗಿಲಲ್ಲಿ ನಿಂತಿದ್ದಳು. ಹಣೆಯಲ್ಲಿ ಬಾಸಿಂಗ. ಯಾರೋ ಅವಳ ತೋಳು ಹಿಡಿದು ಒಳಗೆ ಎಳೆಯುತ್ತಿದ್ದರು. ಅವಳು ಕೊಸರಿಕೊಂಡಳು. "ಹಿಡಿಯೋ ಕೈ ತಾನೇ ಅದು? ನಾನು ನೋಡ್ಬೇಕು. ತೋರ್ಸಿ."

ಚನ್ನಕೇಶವ ಎರಡೂ ಕೈಗಳನ್ನು ಪಂಚೆಯ ಒಳಗೆ ಬಚ್ಚಿಟ್ಟುಕೊಂಡ.

ಇಡೀ ಚಪ್ಪರ ಅದನ್ನು ನೋಡಿತು. ಮೈಕಿನಲ್ಲಿ ಹಾಡು ಹಾಡಿಕೊಂಡೇ ಇತ್ತು. ಆಗ ಹಿಂದಿನಿಂದ ಲಕ್ಷ್ಮಿದೇವಮ್ಮ ಬಂದಳು. ಮದುಮಗನ ತಾಯಿ. ಕಾಲು ಎಳೆದುಕೊಂಡು ನಡೆಯುವ, ಕಣ್ಣು ಮಂಜಾದ ಹೆಂಗಸು. ಆ ಮನೆಯಲ್ಲಿ ಅವಳು ಜೋರಾಗಿ ಮಾತಾಡಿದ್ದನ್ನು ಯಾರೂ ಕೇಳಿರಲಿಲ್ಲ. ಈಗಲೂ ಜೋರಾಗಿ ಆಡಲಿಲ್ಲ. ತುಂಗಾಳ ಹಣೆಯ ಬಾಸಿಂಗವನ್ನು ಬಿಚ್ಚಿದಳು.

"ನಡಿಯವ್ವಾ," ಅಂದಳು. "ನಿಮ್ಮೂರಿಗೆ ನಡಿ. ಈ ಮನೆಗೆ ನಾನೊಬ್ಳು ಮದ್ದಾಗಿದ್ದು ಸಾಕು."

ದೊಡ್ಡಣ್ಣ ಉಗುರುಗತ್ತಿ ಹಿಡಿದುಕೊಂಡು ಕುಕ್ಕರುಗಾಲಲ್ಲೇ ಕೂತಿದ್ದರು. ತುಂಗಾ ಇಳಿದು ನಡೆದಳು. ಅವಳ ಹಿಂದೆ ಅವಳ ತಾಯಿ, ಸೋದರತ್ತೆ, ಚಿಕ್ಕಮ್ಮ, ಹೆಂಗಸರೆಲ್ಲ. ಅವಳ ಅಪ್ಪ ಎಲ್ಲರಿಗಿಂತ ಕೊನೆಗೆ ಹೊರಟರು. ಅಷ್ಟು ಹೊತ್ತೂ ಆ ಮಹಡಿ ಮನೆಯನ್ನೇ ನೋಡುತ್ತಿದ್ದರು.

ಮಧ್ಯಾಹ್ನ ಜಂಬಣ್ಣ ರಾಜಾಜಿನಗರದ ಕ್ಲಿನಿಕ್ಕಿನಲ್ಲಿ ಕೂತಿದ್ದ. ಹೋಗಲು ಅವನಿಗೆ ಇಷ್ಟವಿರಲಿಲ್ಲ. ರಕ್ತ ನಿಂತಿರಲಿಲ್ಲ, ಹತ್ತಿರದಲ್ಲಿ ಬೇರೆ ಡಾಕ್ಟರು ಇರಲಿಲ್ಲ. ಸೇತುರಾಮ ಅದೇ ಸಿಲ್ಕ್ ಜುಬ್ಬದಲ್ಲಿ ಹೊಲಿಗೆ ಹಾಕಿದರು. ಬಾಗಿಲು ಅವತ್ತೂ ತೆರೆದೇ ಇತ್ತು.

ಆ ಬಾಗಿಲಿಂದ ಲಕ್ಷ್ಮಿದೇವಮ್ಮ ಒಳಗೆ ಬಂದಳು. ಹೊನ್ನೇಪಾಳ್ಯದಿಂದ ಅಲ್ಲಿಯ ತನಕ ನಡೆದೇ ಬಂದಿದ್ದಳು. ಅಣ್ಣಮ್ಮ ಅವಳ ತೋಳು ಹಿಡಿದಿದ್ದಳು, ಬರೆ ಬಿದ್ದ ಕೈಯಿಂದಲೇ. ದಾರಿಯುದ್ದಕ್ಕೂ ಅವಳಿಗೆ ಎಲ್ಲ ಹೇಳಿದ್ದಳು. ಜಂಬಣ್ಣ ಎದ್ದು ಸ್ಟೂಲು ಬಿಟ್ಟುಕೊಟ್ಟ. ಗೌಡತಿ ಹಜಾಮ ಕೂತ ಸ್ಟೂಲಿನ ಮೇಲೆ ಕೂತಳು.

ರವಿಕೆಯ ತೋಳು ಮೇಲಕ್ಕೆ ಸರಿಸಿ, ಕೈಯನ್ನು ಮೇಜಿನ ಮೇಲೆ ಚಾಚಿದಳು. "ನನ್ ರಕ್ತಾನೂ ನೋಡಿ."

ಡಾಕ್ಟರು ಅವಳ ಕೈ ನೋಡಿದರು, ಮಂಜುಗಣ್ಣು ನೋಡಿದರು. ಸಿರಿಂಜು ಕುದಿಯಲು ಇಟ್ಟರು. ಏನಾದರೂ ಮಾತಾಡಬೇಕಲ್ಲ ಅಂತ ಬೈಯುವ ದನಿಯಲ್ಲಿ ಕೇಳಿದರು.

"ಇಷ್ಟು ವರ್ಷ ಏನ್ ಮಾಡ್ತಿದ್ರಮ್ಮಾ? ಯಾಕೆ ಬರ್ಲಿಲ್ಲ?"

ಲಕ್ಷ್ಮಿದೇವಮ್ಮ ಚಾಚಿದ ಕೈಯನ್ನು ಹಿಂದಕ್ಕೆ ತೆಗೆಯಲಿಲ್ಲ.

"ನನ್ ಗಂಡಂಗೆ ಚುಚ್ಚಿ ಕಳಿಸ್ದೋರು ನೀವೇ ಅಲ್ವಾ ಸಾಮಿ? ನೀವ್ಯಾಕೆ ಕರೀಲಿಲ್ಲ?"